ನನ್ನ ಮಡಿಲಲ್ಲಿ ಉಳಿದ ಐದು ಸಾಲು

ನನ್ನನ್ನು ಕಂಡವರು ಈಗ ಅಡುಗೆಮನೆಯ ಯಾವುದೋ ಮುರಿದ ಸಾಮಾನು ಎಂದುಕೊಳ್ಳುತ್ತಾರೆ. ತಪ್ಪು ಅವರದಲ್ಲ. ಮೂರು ಕಡೆ ಅಂಚಿರುವ, ಒಂದು ಗೇಣು ಉದ್ದದ ಕಬ್ಬಿಣದ ತಟ್ಟೆ, ಅದರ ಮೇಲೆ ಸರಿದಾಡುವ ಒಂದು ತಡೆ, ಅದನ್ನು ಬಿಗಿಯಲು ಒಂದು ತಿರುಪು. ಇಷ್ಟೇ ನಾನು. ಅಚ್ಚುಕೂಟದಲ್ಲಿ ನನಗೆ ಸ್ಟಿಕ್ ಎಂದು ಹೆಸರು. ಸೀಸದ ಮೊಳೆಗಳನ್ನು ಒಂದೊಂದಾಗಿ ಆರಿಸಿ ನನ್ನೊಳಗೆ ನಿಲ್ಲಿಸಿದರೆ ಅಕ್ಷರ ಪದವಾಗುತ್ತಿತ್ತು, ಪದ ಸಾಲಾಗುತ್ತಿತ್ತು. ನೀವು ಓದಿದ ಹಳೆಯ ಪುಸ್ತಕಗಳೆಲ್ಲ ಮೊದಲು ನನ್ನಂಥವರ ಮಡಿಲಲ್ಲಿ ಕೂತು ಎದ್ದು ಹೋದವುಗಳೇ.

ಹುಬ್ಬಳ್ಳಿಯ ಒಂದು ಲೇತ್ ಅಂಗಡಿಯಲ್ಲಿ ನಾನು ಹುಟ್ಟಿದೆ. ಗದಗಿನ ಅಚ್ಚುಕೂಟಕ್ಕೆ ಬಂದಾಗ ನನ್ನ ಅಂಚು ಎಷ್ಟು ಚೂಪಾಗಿತ್ತೆಂದರೆ ಮೊದಲ ಯಜಮಾನ ರಾಚಯ್ಯನ ಹೆಬ್ಬೆರಳು ಕೊಯ್ದಿದ್ದೆ. ರಾಚಯ್ಯ ತಂಬಾಕು ಅಗಿಯುತ್ತ, ಬರೆದವರ ಕೈಬರಹವನ್ನು ಬೈಯುತ್ತ ಮೊಳೆ ಜೋಡಿಸುವ ಮನುಷ್ಯ. ಅವನ ಕಣ್ಣು ಮಂಜಾದ ಮೇಲೆ ನಾನು ದಾವಲಸಾಬನ ಎಡಗೈಗೆ ಬಂದೆ. ಎಡಗೈಯಲ್ಲಿ ಮಲಗಿದವನಿಗೆ ಕಾಣುವುದು ಯಜಮಾನನ ಗದ್ದವೊಂದೇ. ದಾವಲಸಾಬನ ಗದ್ದ ಓದುವಾಗ ನಡುಗುತ್ತಿತ್ತು. ಕೆಲಸದವನು ಓದಬಾರದು, ಜೋಡಿಸಬೇಕು ಎಂದು ರಾಚಯ್ಯ ಎಷ್ಟು ಹೇಳಿದರೂ ಅವನು ಓದುತ್ತಿದ್ದ. ಅಚ್ಚುಕೂಟದಲ್ಲಿ ಇದೊಂದು ರೋಗವೇ ಸರಿ.

ಅವನಿಗೆ ಇಪ್ಪತ್ತನಾಲ್ಕು ವರ್ಷವಿದ್ದಾಗ ಅಂದಾನೆಪ್ಪ ಮಾಸ್ತರರ ಕಾದಂಬರಿ ಬಂತು. ಹೆಸರು ‘ಕಡೆಯ ಹರಗೋಲು’. ತುಂಗಭದ್ರೆಯ ದಂಡೆಯ ಅಂಬಿಗನ ಮಗಳು ನೀಲವ್ವನ ಕಥೆ. ಅವಳು ಶಾಲೆಯ ಮಾಸ್ತರನನ್ನು ಮೆಚ್ಚುತ್ತಾಳೆ, ಊರು ಅವಳ ಮೇಲೆ ಸಲ್ಲದ ಮಾತು ಹೊರಿಸುತ್ತದೆ, ಮಾಸ್ತರ ಹೆದರಿ ಊರು ಬಿಡುತ್ತಾನೆ. ಕೊನೆಗೆ ಹೊಳೆ ತುಂಬಿ ಬಂದ ದಿನ ಅವಳು ಒಬ್ಬಳೇ ಹರಗೋಲು ಹತ್ತುತ್ತಾಳೆ. ಆ ನಾಲ್ಕು ತಿಂಗಳು ದಾವಲಸಾಬ ಊಟ ಮಾಡುವಾಗಲೂ ನೀಲವ್ವನ ಮಾತೇ ಆಡಿದ. ಮೊಳೆ ಹಿಡಿದ ಬೆರಳು ಎಷ್ಟೋ ಸಲ ನಡುದಾರಿಯಲ್ಲಿ ನಿಂತುಬಿಡುತ್ತಿತ್ತು.

ಪುಸ್ತಕ ಮುಗಿಯುವ ಹೊತ್ತಿಗೆ ಬರೆದ ಮಾಸ್ತರರೇ ತೀರಿಕೊಂಡರು. ಹನ್ನೊಂದನೆಯ ದಿನದ ಆರಾಧನೆಗೆ ಬಂದವರ ಕೈಗೆ ಪುಸ್ತಕ ಇಡಬೇಕೆಂದು ಅಚ್ಚುಕೂಟದ ಧಣಿ ಎಲ್ಲರ ಬೆನ್ನು ಹತ್ತಿದ. ಆಗ ಒಂದು ತೊಡಕು ಬಂತು. ಪುಸ್ತಕ ಅಚ್ಚಾಗುವುದು ಹದಿನಾರು ಪುಟಗಳ ಫಾರಮ್ಮಿನ ಲೆಕ್ಕದಲ್ಲಿ. ಹದಿಮೂರನೆಯ ಫಾರಮು ತುಂಬಿದ ಮೇಲೆ ಐದು ಸಾಲು ಹೊರಗೆ ಉಳಿದವು. ಐದೇ ಸಾಲು. ಹಿಂದಿನ ಪುಟಗಳನ್ನು ಸ್ವಲ್ಪ ಸ್ವಲ್ಪ ಒತ್ತಿ ಜಾಗ ಮಾಡೋಣವೆಂದು ದಾವಲಸಾಬ ಆ ಐದು ಸಾಲನ್ನು ನನ್ನ ಮಡಿಲಲ್ಲೇ ಬಿಟ್ಟು ಶುಕ್ರವಾರದ ನಮಾಜಿಗೆ ಹೋದ. ತಿರುಗಿ ಬರುವಷ್ಟರಲ್ಲಿ ಯಂತ್ರದವನು ಫಾರಮು ಸಿದ್ಧವಾಗಿದೆ ಎಂದು ತಿಳಿದು ಸಾವಿರ ಪ್ರತಿ ಒತ್ತಿ ಮುಗಿಸಿದ್ದ.

ಕೊನೆಯ ಪುಟ ಹೀಗೆ ನಿಂತಿತ್ತು: ಹರಗೋಲು ನಡುಹೊಳೆಯಲ್ಲಿ ಸಣ್ಣದಾಗಿ, ಮತ್ತೂ ಸಣ್ಣದಾಗಿ, ಕಾಣದಾಯಿತು. ಉಳಿದದ್ದು ನನ್ನೊಳಗಿತ್ತು.

ದಾವಲಸಾಬ ನನ್ನನ್ನು ಎತ್ತಿಕೊಂಡು ಧಣಿಯ ಮುಂದೆ ಹೋಗಿ ನಿಂತ. ಧಣಿ ಒದ್ದೆ ಹಾಳೆ ಹಿಡಿದು ಸಂತೋಷದಲ್ಲಿದ್ದ, ಇವನು ನನ್ನನ್ನು ಬೆನ್ನ ಹಿಂದಕ್ಕೆ ಸರಿಸಿದ. ನಾಳೆ ಹೇಳಿದರಾಯಿತು ಎಂದುಕೊಂಡ. ಮರುದಿನ ಪುಸ್ತಕ ಹೊಲಿಗೆಗೆ ಹೋಯಿತು. ತಿಂಗಳೊಳಗೆ ಪತ್ರಿಕೆಯವರು ಬರೆದರು: ಸಾವನ್ನು ಸಾವೆಂದು ಹೇಳದೆ ಇಷ್ಟು ಸಂಯಮದಲ್ಲಿ ಕಥೆ ನಿಲ್ಲಿಸುವ ಧೈರ್ಯ ಬೇರೆ ಯಾರಿಗಿದೆ. ಅಲ್ಲಿಗೆ ದಾವಲಸಾಬನ ಬಾಯಿ ಹೊಲಿದುಹೋಯಿತು. ಮಾಸ್ತರರ ಕೈಬರಹದ ಹಾಳೆಗಳು, ಆಗಿನ ರೂಢಿಯಂತೆ, ಕಿರಾಣಿ ಅಂಗಡಿಗೆ ಪೊಟ್ಟಣ ಕಟ್ಟಲು ಹೋದವು. ಮುಂದಿನ ಮುದ್ರಣಗಳನ್ನು ಧಾರವಾಡದ ಪ್ರಕಾಶಕರು ಮೊದಲ ಮುದ್ರಣ ನೋಡಿಯೇ ತೆಗೆದರು. ಕಾಲೇಜಿನ ಹುಡುಗರು ಆ ಕೊನೆಯ ಮೇಲೆ ಪ್ರಬಂಧ ಬರೆದರು. ಒಂದು ಮೈಮರೆವು ನೋಡುನೋಡುತ್ತ ಶ್ರೇಷ್ಠ ಸಾಹಿತ್ಯವಾಯಿತು.

ಆ ಐದು ಸಾಲನ್ನು ಮಾತ್ರ ಬಿಚ್ಚಿ ಮೊಳೆಗಳನ್ನು ಖಾನೆಗೆ ಹಾಕಲು ಅವನಿಗೆ ಕೈ ಬರಲಿಲ್ಲ. ತಿರುಪು ಬಿಗಿದ, ಮೇಲೆ ದಾರ ಸುತ್ತಿದ, ಕೆಲಸಕ್ಕೆ ಬೇರೆ ಸ್ಟಿಕ್ ತಂದುಕೊಂಡ. ಅಚ್ಚುಕೂಟದಲ್ಲಿ ಬಿಟ್ಟರೆ ಯಾರಾದರೂ ಬಿಚ್ಚಿಯಾರು, ಮನೆಯಲ್ಲಿ ಬಿಟ್ಟರೆ ಮಕ್ಕಳು ಚೆಲ್ಲಿಯಾರು ಎಂದು ಬುತ್ತಿಚೀಲದಲ್ಲೇ ನನ್ನನ್ನು ಇಟ್ಟುಕೊಂಡ. ಇಪ್ಪತ್ತೆಂಟು ವರ್ಷ ನಾನು ರೊಟ್ಟಿಯ ಪಕ್ಕದಲ್ಲಿ ಓಡಾಡಿದೆ. ಕೆಲಸವಿಲ್ಲದ ಕಬ್ಬಿಣಕ್ಕೆ ತುಕ್ಕು ಹಿಡಿಯಬೇಕು. ನನಗೆ ಹಿಡಿಯಲಿಲ್ಲ, ಏಕೆಂದರೆ ವಾರಕ್ಕೊಮ್ಮೆ ಅವನು ಎಣ್ಣೆಬಟ್ಟೆಯಿಂದ ಒರೆಸುತ್ತಿದ್ದ. ಒರೆಸುವಾಗ ಒಮ್ಮೆಯಾದರೂ ಆ ಸಾಲುಗಳ ಮೇಲೆ ಬೆರಳಾಡಿಸುತ್ತಿದ್ದ.

ಹೀಗಿರುವಾಗ ‘ಕಡೆಯ ಹರಗೋಲು’ ಸಿನೆಮಾ ಆಯಿತು. ಅದೂ ಎಂಥದ್ದು, ಹನ್ನೊಂದು ಹಾಡಿನ ಸಿನೆಮಾ. ಸ್ಟೇಷನ್ ರಸ್ತೆಯ ಟಾಕೀಸಿಗೆ ಬಂದ ಮೊದಲ ವಾರವೇ ದಾವಲಸಾಬ ಮಧ್ಯಾಹ್ನದ ಆಟಕ್ಕೆ ಹೋದ. ನಾನು ಅವನ ತೊಡೆಯ ಮೇಲಿನ ಚೀಲದಲ್ಲಿದ್ದೆ, ಚೀಲದ ಬಾಯಿ ಬಿಚ್ಚಿತ್ತು, ಅರ್ಧ ಪರದೆ ಕಾಣುತ್ತಿತ್ತು. ಅವನು ಸಿನೆಮಾ ನೋಡಲಿಲ್ಲ, ಕರಡು ತಿದ್ದಿದ. ನೀಲವ್ವ ಮೊದಲ ಹಾಡು ಎತ್ತಿದಾಗ, ಇನ್ನೂರೆಂಟು ಪುಟದಾಗ ಈಕಿ ಒಂದ ಸಲನೂ ಹಾಡಿಲ್ಲ ಎಂದು ಗೊಣಗಿದ. ಕಥೆಯ ಶಾಲೆಮಾಸ್ತರ ಕೋಟು ಹಾಕಿ ಬಂದಾಗ ನಾಲಿಗೆ ಲೊಚಗುಟ್ಟಿದ. ಎಪ್ಪತ್ತೆರಡನೆಯ ಪುಟ ಪೂರ್ತಿ ನುಂಗಿದ್ದಾರೆಂದು ಪಕ್ಕದವನಿಗೆ ಚಾಡಿ ಹೇಳಿದ. ಪಕ್ಕದವನು ಶೇಂಗಾ ತಿನ್ನುತ್ತಿದ್ದ, ಅವನಿಗೆ ಎಪ್ಪತ್ತೆರಡನೆಯ ಪುಟದ ಗೊಡವೆ ಇರಲಿಲ್ಲ.

ನಾಲ್ಕನೆಯ ಹಾಡು ಬಂತು. ನೀಲವ್ವ ಅಪ್ಪನ ಹರಗೋಲಿನ ಹುಟ್ಟನ್ನು ತೊಳೆಯುತ್ತ ಹಾಡುವ ಹಾಡು. ಹಾಡು ಬರೆದವನು ಯಾರೋ, ಪುಣ್ಯಾತ್ಮ, ಅಂದಾನೆಪ್ಪ ಮಾಸ್ತರರ ಒಂದು ವಾಕ್ಯವನ್ನು ಇದ್ದಹಾಗೆಯೇ ಪಲ್ಲವಿಗೆ ತಂದಿದ್ದ. ದಾವಲಸಾಬ ಗೊಣಗುವುದನ್ನು ನಿಲ್ಲಿಸಿದ. ಅವನ ಬಲಗೈ ತಾನಾಗಿ ಮೇಲೆದ್ದು ಗಾಳಿಯಲ್ಲಿ ಮೊಳೆ ಆರಿಸತೊಡಗಿತು. ನಾನೇ ಜೋಡಿಸಿದ್ದು, ನಾನೇ ಜೋಡಿಸಿದ್ದು ಎಂದು ತನಗೆ ತಾನೇ ಹೇಳಿಕೊಂಡು ಚೀಲದ ಮೇಲೆ ಮುಖವಿಟ್ಟು ಅತ್ತ. ನನ್ನ ಮೇಲೆ ಬಿದ್ದ ಮೊದಲ ಉಪ್ಪುನೀರು ಅದು.

ಅಲ್ಲಿಂದ ಅವನಿಗೆ ಸಿನೆಮಾದ ಹುಚ್ಚು ಹಿಡಿಯಿತು. ಪ್ರತಿ ಬುಧವಾರ ಮಧ್ಯಾಹ್ನದ ಆಟ, ಅದೇ ಕುರ್ಚಿ. ಹಾಡುಗಳೆಲ್ಲ ಬಾಯಿಪಾಠವಾದವು. ಕೊನೆಯ ಹಾಡಿಗೆ ಮಾತ್ರ ಅವನ ಬಾಯಿ ಕಟ್ಟುತ್ತಿತ್ತು. ತುಂಬಿದ ಹೊಳೆ, ಹರಗೋಲು, ನೀಲವ್ವನ ದನಿ ನೀರಿನಲ್ಲಿ ಕರಗಿದಂತೆ ನಿಲ್ಲುವುದು, ಆಮೇಲೆ ಬರೀ ನೀರು. ಟಾಕೀಸಿಗೆ ಟಾಕೀಸೇ ಮೂಗು ಒರೆಸಿಕೊಳ್ಳುತ್ತಿತ್ತು. ಅವನು ಚೀಲದಲ್ಲಿ ಕೈಯಿಟ್ಟು ನನ್ನನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದ.

ಇನ್ನೊಬ್ಬರೂ ಪ್ರತಿ ಬುಧವಾರ ಬರುತ್ತಿದ್ದರು. ಮುಂದಿನ ಸಾಲಿನ ತುದಿಯ ಕುರ್ಚಿ, ಬಿಳಿಯ ತಲೆ, ಹಣೆಗೆ ವಿಭೂತಿ. ಹತ್ತು ಹಾಡುಗಳನ್ನು ಆಕೆ ಅಲುಗದೆ ಕೇಳುತ್ತಿದ್ದಳು. ಹನ್ನೊಂದನೆಯದು ಶುರುವಾಗುವ ಮುಂಚೆ ಎದ್ದು, ಸೆರಗು ಹೊದ್ದು ಹೊರಗೆ ನಡೆಯುತ್ತಿದ್ದಳು. ಐದಾರು ವಾರ ಹೀಗೆಯೇ ಆದಾಗ ದಾವಲಸಾಬನಿಗೆ ತಡೆಯಲಾಗಲಿಲ್ಲ. ಆಕೆಯ ಹಿಂದೆಯೇ ಎದ್ದು ಹೋಗಿ, ಬಾಗಿಲ ಬಳಿ, ಕಡೀ ಹಾಡು ಯಾಕ ಬಿಡ್ತೀರಿ ಅವ್ವಾ ಎಂದು ಕೇಳಿದ.

ಆಕೆ ಅವನನ್ನು ಮೇಲಿಂದ ಕೆಳಗೆ ನೋಡಿದಳು. 

“ಈ ಕಥಿ ಬರದಾಂವ ನನ್ನ ಗಂಡ. ನೀಲವ್ವ ಅಂಬಾಕಿ ನನ್ನ ಮಗಳು. ಹದಿನಾರು ವರ್ಷದಾಕಿ, ಹೊಳ್ಯಾಗ ಹರಗೋಲು ಬೋರಲಾಗಿ ಹೋದಳು. ಕಥ್ಯಾಗರ ಆಕಿನ್ನ ದಂಡಿಗೆ ಹಚ್ತೀನಿ, ನೀ ಅಳಬ್ಯಾಡ ಅಂತ ನನ್ನ ಕೈಮ್ಯಾಲೆ ಕೈ ಇಟ್ಟು ಹೇಳಿದ್ದ. ನನಗ ಓದಾಕ ಬರೂದಿಲ್ಲ. ಮೈದುನ ಓದಿ ಹೇಳಿದ. ಅಲ್ಲೂ ಮುಳುಗಿಸಿಬಿಟ್ಟಿದ್ದ.”

ಆಕೆಯ ಹೆಸರು ಬಸಲಿಂಗವ್ವ. ಹಾಡುವ ಹುಡುಗಿಯನ್ನು ನೋಡಲು ಬರುತ್ತೇನೆ, ತನ್ನ ಮಗಳೂ ಹಾಗೆಯೇ ಹಾಡುತ್ತಿದ್ದಳು, ಸಾಯುವುದನ್ನು ಮಾತ್ರ ನೋಡಲಾರೆ ಎಂದಳು. ಸುಳ್ಳು ಹೇಳಿ ಹೋದ ಗಂಡನ ಫೋಟೋಕ್ಕೆ ಈ ಇಪ್ಪತ್ತೆಂಟು ವರ್ಷ ಒಂದು ಹೂವು ಏರಿಸಿಲ್ಲ ಎಂದೂ ಹೇಳಿದಳು. ಹೇಳಿ ಬಿಸಿಲಿಗೆ ಇಳಿದು ಹೋದಳು.

ನಾನು ಕಬ್ಬಿಣ. ಆದರೂ ಆ ಗಳಿಗೆಯಲ್ಲಿ ನನ್ನ ಮಡಿಲ ಭಾರ ನನಗೇ ತಡೆಯದಾಯಿತು. ದಾವಲಸಾಬ ಇಷ್ಟು ದಿನ ಒಂದು ಪುಸ್ತಕಕ್ಕೆ ಗಾಯ ಮಾಡಿದೆನೆಂದು ತಿಳಿದಿದ್ದ. ಒಬ್ಬ ತಾಯಿ ಇದ್ದಾಳೆ, ಆಕೆ ಕಾಯುತ್ತಿದ್ದಳು ಎಂಬುದು ಅವನ ತಲೆಗೆ ಬಂದೇ ಇರಲಿಲ್ಲ. ಟಾಕೀಸಿನ ಗೋಡೆ ಹಿಡಿದು ಅಲ್ಲೇ ಕುಕ್ಕರುಗಾಲಲ್ಲಿ ಕೂತ. ಮರುವಾರ ಹೇಳಬೇಕೆಂದು ಹೋದ, ಹೇಳಲಿಲ್ಲ. ಅದರ ಮರುವಾರವೂ ಇಲ್ಲ. ನನಗೆ ಬಾಯಿದ್ದಿದ್ದರೆ ಅವನನ್ನು ಬೈದುಬಿಡುತ್ತಿದ್ದೆ.

ಶುಕ್ರವಾರದಿಂದ ಬೇರೆ ಸಿನೆಮಾ ಎಂದು ಗೋಡೆಗೆ ಚೀಟಿ ಬಿತ್ತು. ಆ ಬುಧವಾರ ಬೆಳಿಗ್ಗೆ ದಾವಲಸಾಬ ಅಚ್ಚುಕೂಟದಲ್ಲಿ ನನ್ನ ದಾರ ಬಿಚ್ಚಿದ. ಐದು ಸಾಲನ್ನು ಕಲ್ಲಿನ ಮೇಲಿಳಿಸಿ ಮಸಿ ಸವರಿ, ಒಳ್ಳೆಯ ಕಾಗದ ಹಾಸಿ, ಬ್ರಷ್ಷಿನಿಂದ ಮೆಲ್ಲಗೆ ತಟ್ಟಿ ಒಂದು ಪ್ರತಿ ತೆಗೆದ. ಇಪ್ಪತ್ತೆಂಟು ವರ್ಷದಲ್ಲಿ ಒಂದು ಮೊಳೆಯೂ ಸವೆದಿರಲಿಲ್ಲ. ಸಾಲುಗಳನ್ನು ಒರೆಸಿ ಮತ್ತೆ ನನ್ನೊಳಗೇ ಇಟ್ಟುಕೊಂಡ.

ಟಾಕೀಸಿನಲ್ಲಿ ಆವತ್ತು ಹತ್ತನೆಯ ಹಾಡು ಮುಗಿಯಿತು. ಬಸಲಿಂಗವ್ವ ಎದ್ದಳು. ದಾವಲಸಾಬ ಅಡ್ಡ ಹೋಗಿ ಕೈ ಮುಗಿದ.

“ಇವತ್ತೊಂದಿನ ಕೂಡ್ರಿ ಅವ್ವಾ. ಕಥಿ ಇನ್ನೂ ಐದ ಸಾಲ ಐತಿ.”

ಆಕೆಗೆ ಏನು ಅರ್ಥವಾಯಿತೋ, ಅವನ ಮುಖ ನೋಡಿ ಕೂತಳು. ಅವನು ಪಕ್ಕದ ಕುರ್ಚಿಯಲ್ಲಿ ಕೂತ. ಹನ್ನೊಂದನೆಯ ಹಾಡು ಬಂತು. ಹೊಳೆ ಉಕ್ಕಿತು, ಹರಗೋಲು ಸಣ್ಣದಾಯಿತು, ದನಿ ನಿಂತಿತು. ಬಸಲಿಂಗವ್ವ ಸೆರಗನ್ನು ಬಾಯಿಗೆ ತುರುಕಿಕೊಂಡು ಮಗಳು ಮುಳುಗುವುದನ್ನು ಪೂರ್ತಿ ನೋಡಿದಳು. ದೀಪಗಳು ಹತ್ತಿದವು, ಜನ ಎದ್ದು ಹೊರಟರು. ಪರದೆ ಬರೀ ಬಟ್ಟೆಯಾದ ಮೇಲೆ ದಾವಲಸಾಬ ಕಾಗದ ಬಿಚ್ಚಿ ಓದಿದ.

“ಬೆಳಗಾದಾಗ ಹರಗೋಲು ಆಚೆಯ ದಂಡೆಯಲ್ಲಿತ್ತು. ಹುಟ್ಟು ಒಳಗೆ ಅಡ್ಡಲಾಗಿ ಇಟ್ಟಿತ್ತು. ಹಸಿ ಮರಳಿನ ಮೇಲೆ ಸಣ್ಣ ಹೆಜ್ಜೆಗಳು ಜೋಳದ ಹೊಲದ ಕಡೆಗೆ ಹೋಗಿದ್ದವು. ಒಂದು ಕಡೆ ಅವು ನಿಂತಿದ್ದವು. ಅಲ್ಲಿ ಅವಳು ತಿರುಗಿ ಹೊಳೆಯನ್ನು ನೋಡಿರಬೇಕು. ಆಮೇಲೆ ಮತ್ತೆ ನಡೆದಿದ್ದವು.”

ಇನ್ನೊಮ್ಮೆ ಓದು ಎಂದಳು. ಓದಿದ. ಆಮೇಲೆ ನನ್ನನ್ನು ಹೊರಗೆ ತೆಗೆದು ಆಕೆಯ ಕೈಗಿಟ್ಟು ಎಲ್ಲವನ್ನೂ ಹೇಳಿದ. ನಮಾಜು, ಯಂತ್ರದವನು, ಧಣಿ, ಪತ್ರಿಕೆ, ಒಂದನ್ನೂ ಮುಚ್ಚಲಿಲ್ಲ. ಆಕೆ ಸುಕ್ಕುಗಟ್ಟಿದ ಬೆರಳಿನಿಂದ ನನ್ನೊಳಗಿನ ಸಾಲುಗಳನ್ನು ಮುಟ್ಟಿದಳು. ಮಗುವಿನ ಕಾಲು ಮುಟ್ಟಿದ ಹಾಗೆ ಮುಟ್ಟಿದಳು.

“ಇಷ್ಟ ವರ್ಷ ನೀ ಒಬ್ಬಾವನ ಓದಿಕೊಂತ ಕುಂತಿದ್ದೇನು?” ಎಂದು ಕೇಳಿದಳು.

 “ಸುಳ್ಳ ಹೇಳಿರಲಿಲ್ಲ ನನ್ನ ಗಂಡ,” ಎಂದಳು, ಅವನಿಗಲ್ಲ, ಖಾಲಿ ಕುರ್ಚಿಗಳಿಗೆ. ನನ್ನನ್ನು ಹಿಂದಕ್ಕೆ ಕೊಟ್ಟು, ಕಾಗದವನ್ನು ಮಾತ್ರ ಕುಪ್ಪಸದೊಳಗೆ ಇಟ್ಟುಕೊಂಡು ಹೋದಳು. ಕ್ಷಮಿಸಿದೆ ಎನ್ನಲಿಲ್ಲ. ಅವನೂ ಕೇಳಲಿಲ್ಲ.

ಶ್ರಾವಣದಲ್ಲಿ ಧೈರ್ಯ ಮಾಡಿ ಆಕೆಯ ಮನೆ ಹುಡುಕಿಕೊಂಡು ಹೋದ. ಅಂಗಳದಲ್ಲಿ ಜನ ಕೂತಿದ್ದರು. ಮೂರು ದಿನದ ಹಿಂದೆ ಹೋಗಿಬಿಟ್ಟಳು ಎಂದು ಯಾರೋ ಹೇಳಿದರು. ಮಣ್ಣು ಮಾಡುವಾಗ ಮುಷ್ಟಿಯಲ್ಲಿ ಒಂದು ಕಾಗದ ಇತ್ತಂತೆ, ಬಿಡಿಸಲು ಆಗಲಿಲ್ಲವಂತೆ, ಹಾಗೆಯೇ ಕಳಿಸಿದರಂತೆ. ಒಳಗೋಡೆಯಲ್ಲಿ ಮಾಸ್ತರರ ಫೋಟೋ ಇತ್ತು. ಅದಕ್ಕೆ ಒಂದರ ಮೇಲೊಂದು ಎಷ್ಟೋ ಮಾಲೆಗಳು, ಒಣಗಿದವನ್ನೂ ತೆಗೆಯದೆ ಏರಿಸಿದ್ದವು. ದಾವಲಸಾಬ ಹೊಸ್ತಿಲಲ್ಲೇ ನಿಂತು ನೋಡಿ ಬಂದ.

ಅವನು ಧಾರವಾಡದ ಪ್ರಕಾಶಕರ ಬಳಿಗೂ ಹೋಗಿ ಹೇಳಿದ. ಕೈಬರಹ ಎಲ್ಲಿದೆ ಎಂದು ಕೇಳಿದರು. ಮೊಳೆ ಯಾರು ಬೇಕಾದರೂ ಜೋಡಿಸಬಹುದು ಎಂದರು. ಅದೂ ನಿಜ. ಕೊನೆಯ ಹಾಡು ನಾಡಿನ ಬಾಯಲ್ಲಿ ಕೂತಿದೆ, ಈಗ ಹುಡುಗಿಯನ್ನು ಬದುಕಿಸಿದರೆ ಜನ ಸುಮ್ಮನಿರುವುದಿಲ್ಲ ಎಂದು ನಗುತ್ತ ಕಳಿಸಿಕೊಟ್ಟರು.

ದಾವಲಸಾಬ ಹೋಗಿ ಈಗ ಬಹಳ ವರ್ಷಗಳಾದವು. ಅಚ್ಚುಕೂಟವೂ ಇಲ್ಲ. ಅವನ ಟ್ರಂಕಿನ ಜೊತೆ ನಾನು ಗುಜರಿಗೆ ಬಂದೆ. ಅಲ್ಲಿ ಸಾಮಾನು ಬೇರೆ ಮಾಡುವ ಹೆಂಗಸು ಮುಕ್ತುಂಬಿ ನನ್ನ ದಾರ ಹರಿದು, ತಿರುಪು ಸಡಿಲಿಸಿ, ಕಲ್ಲಿನ ಮೇಲೆ ಬೋರಲು ಹಾಕಿ ತಟ್ಟಿದಳು. ಐದು ಸಾಲು ಒಂದು ಡಬ್ಬಿಗೆ ಉದುರಿದವು. ಸೀಸ ಬೇರೆ, ಕಬ್ಬಿಣ ಬೇರೆ. ಸೀಸವನ್ನು ಕರಗಿಸಿ ಮೀನಿನ ಬಲೆಗೆ ಕಟ್ಟುವ ಗುಂಡು ಮಾಡುತ್ತಾರಂತೆ. ಯಾವ ಹೊಳೆಯ ತಳದಲ್ಲಿ ಕೂತಿವೆಯೋ ಈಗ.

ಈ ಮೂಲೆಯಲ್ಲಿ ಸೈಕಲ್ಲಿನ ಮುರಿದ ಚಕ್ರಗಳ ಕೆಳಗೆ ಬಿದ್ದುಕೊಂಡಿದ್ದೇನೆ. ತುಕ್ಕು ಹಿಡಿದಿದೆ, ಒರೆಸುವ ಕೈ ಇಲ್ಲ. ಮುಕ್ತುಂಬಿಯ ಬಳಿ ಒಂದು ರೇಡಿಯೋ ಇದೆ. ಎಂದಾದರೊಮ್ಮೆ ಅದರಲ್ಲಿ ಆ ಹನ್ನೊಂದನೆಯ ಹಾಡು ಬರುತ್ತದೆ. ಅವಳು ಕೈಕೆಲಸ ಬಿಟ್ಟು ಪೂರ್ತಿ ಕೇಳುತ್ತಾಳೆ. ಮುಗಿದ ಮೇಲೆ ಪಾಪ, ಹುಡುಗಿ ಮುಳುಗಿಹೋದಳು ಎಂದು ಕಣ್ಣೊರೆಸಿಕೊಳ್ಳುತ್ತಾಳೆ.

ಇಲ್ಲ ತಾಯಿ, ಮುಳುಗಲಿಲ್ಲ. ದಂಡೆ ಸೇರಿದಳು. ನಾನು ಇಪ್ಪತ್ತೆಂಟು ವರ್ಷ, ಅದಕ್ಕೂ ಮೇಲೆ, ಅವಳ ಹೆಜ್ಜೆಗಳನ್ನು ಮಡಿಲಲ್ಲಿ ಇಟ್ಟುಕೊಂಡಿದ್ದೆ.