ಕೆಂಪಿಯ ಸದ್ದು

ಮರಿಸ್ವಾಮಿ ಮರದ ಸೌಟನ್ನು ಬೆಕ್ಕಿನ ಪಕ್ಕೆಗೆ ಮೆಲ್ಲನೆ ಆನಿಸಿ, ಹಿಡಿಗೆ ಕಿವಿ ಕೊಟ್ಟು ಉಸಿರು ಬಿಗಿಹಿಡಿದರು. ಒಳಗೆ ಗೊರಗೊರ ಸದ್ದು, ನಿಲ್ಲುವ ಮಾತೇ ಇಲ್ಲ. ಹೆಬ್ಬಾಳದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದಾಗ ಹೀಗೆಯೇ ಸ್ಕ್ರೂಡ್ರೈವರ್ ಇಟ್ಟು ಮೋಟಾರಿನ ಒಳಗನ್ನು ಆಲಿಸುತ್ತಿದ್ದವರು ಅವರು. ಇಂಥ ಸದ್ದು ಬಂದರೆ ಬೇರಿಂಗ್ ಕೆಟ್ಟಿತೆಂದೇ ಲೆಕ್ಕ.

"ಕೆಟ್ಟೆನಲ್ಲಪ್ಪಾ ಶಿವನೇ!" ಸೌಟನ್ನು ಕೆಳಗಿಟ್ಟರು.

ಸೊಸೆ ಬಿಂದುಶ್ರೀ ಈ ಕೆಂಪಿ ಬೆಕ್ಕನ್ನು ರಾಮಕೃಷ್ಣನಗರದ ಮನೆಗೆ ತಂದ ದಿನ ಮರಿಸ್ವಾಮಿ ಮಾಡಿದ ರಂಪ ಬೀದಿಗೆಲ್ಲ ಕೇಳಿತ್ತು. ಅಂದಿನಿಂದ ಸೊಸೆಯೊಂದಿಗೂ ಮಾತು ಅಷ್ಟಕ್ಕಷ್ಟೇ. ಈಗ ಅವಳು ಡೆಂಗಿಯಾಗಿ ಆಸ್ಪತ್ರೆ ಸೇರಿದ್ದಳು. ಮಗ ಶಿವಪ್ರಕಾಶನೂ ಅಲ್ಲೇ ಇದ್ದ. ಹೊರಡುವಾಗ ಅವಳು ಅಂದದ್ದು ಒಂದೇ ಮಾತು, "ಕೆಂಪೀನ ನೋಡ್ಕೊಳಿ ಮಾವ." ಬೇರೇನನ್ನೂ ಎಂದೂ ಕೇಳದ ಹುಡುಗಿ. ಬೆಕ್ಕು ಸತ್ತರೆ ಅವಳಿಗೆ ಯಾವ ಮುಖ ತೋರಿಸುವುದು? ಬೇಕೆಂದೇ ಸಾಯಿಸಿದರು ಅಂದುಕೊಂಡರೆ?

ಕೆಂಪಿಯನ್ನು ತರಕಾರಿ ಚೀಲಕ್ಕೆ ಇಳಿಸಿ, ಆಟೋ ಹತ್ತಿ ಪ್ರಾಣಿಗಳ ಡಾಕ್ಟರ ಹತ್ತಿರ ಓಡಿದರು. ಮೆಕ್ಯಾನಿಕ್ ಬಂದ ತಕ್ಷಣ ನೆಟ್ಟಗಾಗುವ ಯಂತ್ರದ ಹಾಗೆ ಅಲ್ಲಿ ಕೆಂಪಿ ತೆಪ್ಪಗಿತ್ತು.

ಡಾಕ್ಟರ್ ಗಗನ ಅದರ ಬಾಯಿ ಬಿಡಿಸಿ, ಹೊಟ್ಟೆ ಒತ್ತಿ ನೋಡಿದಳು. "ಕಣ್ಣು ಚೊಕ್ಕವಾಗಿದೆ, ವಸಡು ಕೆಂಪಗಿದೆ, ಕೂದಲು ಮಿರಮಿರ ಅಂತಿದೆ. ಊಟ ಮಾಡುತ್ತಾ?"

"ಮೊದಮೊದಲು ಮುಟ್ಲಿಲ್ಲ ಕಣಮ್ಮ. ಈಗ ಮೀನು ಹಾಕುದ್ರೆ ತಟ್ಟೇನೂ ನೆಕ್ಬುಡುತ್ತೆ."

"ಮತ್ತೆ ನೀವು ಹೇಳಿದ ಆ ಸದ್ದು? ಯಾವಾಗ ಬರುತ್ತೆ?"

ಮರಿಸ್ವಾಮಿ ತಡವರಿಸಿದರು. "ತೊಡೆ ಮೇಲೆ ಮಲಗ್ದಾಗ... ನಾನು ತಲೆ ಸವರ್ದಾಗ."

ಗಗನ ನಕ್ಕುಬಿಟ್ಟಳು. "ಕಾಯಿಲೆ ಅಲ್ಲ ಯಜಮಾನ್ರೇ! ಗಟ್ಟಿಮುಟ್ಟಾಗಿದೆ. ಹಿತ ಆದಾಗ ಬೆಕ್ಕು ಹಂಗೇ ಗುರುಗುಡೋದು. ನೀವಂದ್ರೆ ಅದಕ್ಕೆ ಇಷ್ಟ."

ತಾವೆಂದರೆ ಯಾರಿಗಾದರೂ ಇಷ್ಟ ಎಂಬ ಮಾತನ್ನು ಕೇಳಿ ಎಷ್ಟು ಕಾಲವಾಗಿತ್ತೋ. ಮರಿಸ್ವಾಮಿಗೆ ನಾಚಿಕೆಯಾಯಿತು, ಹಿಗ್ಗೂ ಆಯಿತು.

ಹೊರಗಿನ ಬೆಂಚಿನಲ್ಲಿ ಕೂತಿದ್ದಾಗ ಫೋನ್ ಬಂತು. ಬಿಂದು. ದನಿ ಬತ್ತಿಹೋಗಿತ್ತು.

"ಕೆಂಪಿ ಹೆಂಗಿದೆ ಮಾವ? ನಿಜ ಹೇಳಿ."

"ಚೆನ್ನಾಗದೆ ಕಣಮ್ಮ."

"ನಿಜವಾಗ್ಲೂನಾ ಮಾವ?" ಅವಳು ನಂಬಲಿಲ್ಲವೆಂದು ಅವರಿಗೆ ಗೊತ್ತಾಯಿತು. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಕೆಂಪಿಯನ್ನು ತೊಡೆಯ ಮೇಲೆ ಎಳೆದುಕೊಂಡರು. ಗದ್ದ ಕೆರೆದರು. "ಮಾಡವ್ವ, ಒಂಚೂರು ಮಾಡು," ಎಂದು ಪಿಸುಗುಟ್ಟಿದರು. ಸದ್ದು ಶುರುವಾಯಿತು. ಸ್ಪೀಕರ್ ಹಾಕಿ ಫೋನನ್ನು ಅದರ ಕತ್ತಿಗೆ ಹಿಡಿದರು.

ಆ ಕಡೆಯಿಂದ ಬಿಂದು ಸಣ್ಣಗೆ ನಕ್ಕದ್ದು ಕೇಳಿಸಿತು.

"ಮಾವ, ಇನ್ನೊಂಚೂರು ಹಂಗೇ ಹಿಡ್ಕಳಿ."

ಮರಿಸ್ವಾಮಿ ಕೆಂಪಿಯ ಗದ್ದ ಕೆರೆಯುತ್ತಲೇ ಇದ್ದರು.