ಬಿದ್ದವಳ ವಿಚಾರಣೆ

ನಮ್ಮದು ಬಟ್ಟೆ ಒಗೆಯುವ ಮನೆ. ಕೆಳಗೆ ಲಾಂಡ್ರಿ, ಮೇಲೆ ಸಂಸಾರ. ಬೆಳಗಾಗುತ್ತಲೇ ಎರಡು ಹೋಟೆಲುಗಳ ಹೊದಿಕೆ, ದಿಂಬಿನ ಚೀಲ, ಟವೆಲುಗಳ ಗಂಟು ಬಂದು ಬೀಳುತ್ತವೆ. ಮಾವ ತೀರಿಕೊಂಡ ಮೇಲೆ ಯಜಮಾನಿಕೆಯೆಲ್ಲ ಅತ್ತೆಯದು. ಕೆಲಸದವರು ಬೆನ್ನ ಹಿಂದೆ ಅವರನ್ನು ಇನ್ಸ್‌ಪೆಕ್ಟರ್ ಅನ್ನುತ್ತಾರೆ. ಒಂದು ಟವೆಲು ಕಾಣದಿದ್ದರೆ ಅವರು ಮೊದಲು ಹುಡುಕುವುದು ಟವೆಲನ್ನಲ್ಲ, ಕಳ್ಳನನ್ನು. ಹಿರಿಯ ಸೊಸೆಯಾದ ನಾನು ಇಸ್ತ್ರಿ ಮೇಜಿನ ಹಿಂದೆ ನಿಂತು ಹನ್ನೊಂದು ವರ್ಷವಾಯಿತು. ಅವರ ಅನುಮಾನದ ಬುದ್ಧಿ ನನಗೂ ಅಂಟಿದೆ, ಸುಳ್ಳೇಕೆ ಹೇಳಲಿ.

ಆ ದಿನ ನನ್ನ ಕಣ್ಣಿಗೆ ಬಿದ್ದವಳು ಚಿಕ್ಕವಳು, ಎಂದರೆ ನನ್ನ ಓರಗಿತ್ತಿ. ಎಂಟು ತಿಂಗಳ ಬಸುರಿ. ಹೊದಿಕೆ ಮಡಿಸುವಾಗ ಏನಾದರೂ ಗುನುಗುತ್ತಲೇ ಇರುವ ಹುಡುಗಿ, ತುಟಿ ಕಚ್ಚಿಕೊಂಡು ಒಂದೇ ಪಕ್ಕಕ್ಕೆ ವಾಲಿ ಕೂತಿದ್ದಳು. ಬೆಳಿಗ್ಗೆ ತೊಟ್ಟಿದ್ದ ಬಟ್ಟೆ ಬದಲಾಗಿತ್ತು. ಮೊಣಕೈ ತರಚಿತ್ತು.

"ಏನಾಯ್ತೇ?"

"ಏನಿಲ್ಲ ಅಕ್ಕಾ."

"ಏನಿಲ್ಲದೆ ಯಾರಾದ್ರೂ ಹತ್ತು ಗಂಟೆಗೆ ಬಟ್ಟೆ ಬದಲಾಯಿಸ್ತಾರಾ? ನನ್ನ ಹತ್ರ ಈ ನಾಟಕ ಬೇಡ."

ಅವಳು ಬಾಗಿಲ ಕಡೆ ಕಣ್ಣು ಹಾಯಿಸಿ ದನಿ ತಗ್ಗಿಸಿದಳು. "ಎಂಟು ಗಂಟೆಗೆ ಜಾಲಿಸೋ ತೊಟ್ಟಿ ಹತ್ರ ಬಿದ್ದೆ. ನೆಲ ಒದ್ದೆಯಿತ್ತು. ದಮ್ಮಯ್ಯ ಅಕ್ಕಾ, ಯಾರಿಗೂ ಹೇಳ್ಬೇಡಿ."

ಹೇಳಬೇಡಿ ಎಂದು ಅವಳೇಕೆ ಬೇಡಿದಳು ಗೊತ್ತೇ? ನಮ್ಮ ಮನೆಯಲ್ಲಿ, ನಮ್ಮ ಬೀದಿಯ ಎಷ್ಟೋ ಮನೆಗಳಲ್ಲಿ, ಬಸುರಿ ಬಿದ್ದರೆ ಕೇಳುವುದು ಒಂದೇ ಪ್ರಶ್ನೆ: ಯಾಕೆ ಬಿದ್ದೆ? ಬಸುರಿ ಸುಮ್ಮನೆ ಬೀಳುವುದಿಲ್ಲ ಅನ್ನುವುದು ಹಿರಿಯರ ನಂಬಿಕೆ. ಒಂದೋ ಅವಳಿಗೇ ಮಗು ಬೇಡವಾಗಿದೆ, ಇಲ್ಲವೇ ಯಾರೋ ಹೊಟ್ಟೆಕಿಚ್ಚಿನಿಂದ ಕೆಡವಿದ್ದಾರೆ. ಮನೆಮಂದಿಯನ್ನೆಲ್ಲ ಕೂರಿಸಿ ವಿಚಾರಣೆ ಮಾಡುತ್ತಾರೆ. ತಪ್ಪು ಯಾರದೆಂದು ತೀರ್ಮಾನವಾಗುವ ತನಕ ಆಸ್ಪತ್ರೆಯ ಮಾತೇ ಇಲ್ಲ. ಮನೆಯ ಗುಟ್ಟು ಹೊರಗೆ ಹೋಗಬಾರದಲ್ಲ! ಅದಕ್ಕೇ ಬಿದ್ದ ಹೆಂಗಸರು ಬಾಯಿಗೆ ಬೀಗ ಹಾಕಿಕೊಳ್ಳುತ್ತಾರೆ. ಒಂಬತ್ತು ವರ್ಷದ ಹಿಂದೆ ನಾನೂ ಮೆಟ್ಟಿಲಲ್ಲಿ ಜಾರಿ ಬಿದ್ದು ಎರಡು ದಿನ ತೆಪ್ಪಗಿದ್ದೆ. ಮೂರನೆಯ ದಿನ ನನ್ನ ಮಗ ಉಸಿರಿಲ್ಲದೆ ಹುಟ್ಟಿದ. ಆಮೇಲೆ ನನಗೆ ಮಕ್ಕಳಾಗಲಿಲ್ಲ.

"ಮಗು ಒದೀತಾ ಇದೆಯಾ?" ಎಂದೆ.

"ಬಿದ್ದಾಗಿಂದ ಇಲ್ಲ. ಹೊಟ್ಟೆ ಕಲ್ಲಾಗಿದೆ."

ಮುಟ್ಟಿ ನೋಡಿದೆ. ನಿಜಕ್ಕೂ ಕಲ್ಲಿನಂತಿತ್ತು. ಆದರೂ ನನಗೆ ಮೊದಲು ಬಂದದ್ದು ಮಗುವಿನ ಯೋಚನೆಯಲ್ಲ. ಮಕ್ಕಳಿಲ್ಲದ ನಾನೇ ಸೋಪಿನ ನೀರು ಚೆಲ್ಲಿದೆ ಅನ್ನುತ್ತಾರಲ್ಲ ಎಂಬ ಭಯ. ಅದಕ್ಕೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ. ಇಸ್ತ್ರಿ ಪೆಟ್ಟಿಗೆ ಆರಿಸಿ, ಅವಳ ಕೈ ಹಿಡಿದು ಎಬ್ಬಿಸಿದೆ.

ಬಾಗಿಲಲ್ಲಿ ಅತ್ತೆ ನಿಂತಿದ್ದರು.

"ಎಲ್ಲಿಗೆ ಸವಾರಿ?"

"ಆಸ್ಪತ್ರೆಗೆ. ಇವಳು ಬಿದ್ದಿದ್ದಾಳೆ."

"ಬಿದ್ದಳಾ? ಯಾಕೆ ಬಿದ್ದಳು? ನೀನೆಲ್ಲಿದ್ದೆ ಆಗ? ಕಟ್ಟಿಕೊಂಡ ಗಂಡನಿಗೇ ಗೊತ್ತಿಲ್ಲದ್ದು ನಿನಗೆ ಹೇಗೆ ಗೊತ್ತಾಯ್ತು?"

ಗಂಟು ಇಳಿಸುತ್ತಿದ್ದ ಅವಳ ಗಂಡ, ನನ್ನ ಮೈದುನ, ಒಳಗೆ ಬಂದ. "ಹೋದ ವಾರ ಕೆಲಸ ಆಗಲ್ಲ ಅಂತ ರಾಗ ಎಳೆದಿದ್ಲು. ಈ ವಾರ ಬಿದ್ದಳಂತೆ. ಎಷ್ಟು ಚೆನ್ನಾಗಿ ಹೊಂದುತ್ತೆ ನೋಡಮ್ಮಾ!"

"ರಕ್ತ ಹೋಗಿದೆಯಾ? ಇಲ್ವಲ್ಲ," ಅಂದರು ಅತ್ತೆ. "ಮೇಲೆ ಹೋಗಿ ಮಲಗಲಿ. ನಾನು ಎರಡು ಸಲ ಬಿದ್ದಿದ್ದೆ. ಇವನು ಗುಂಡುಕಲ್ಲಿನ ಹಾಗಿಲ್ವಾ?"

"ನಿಮ್ಮ ಮಗ ಉಳಿದ. ನನ್ನ ಮಗ ಉಳೀಲಿಲ್ಲ," ಎಂದೆ. "ಯಾಕೆ ಬಿದ್ದಳು ಅಂತ ನಾಳೆ ಕೇಳಿದ್ರೂ ನಡೆಯುತ್ತೆ ಅತ್ತೆ. ಮಗು ಹೇಗಿದೆ ಅಂತ ಈಗಲೇ ಕೇಳ್ಬೇಕು. ನಾನೇ ಕೆಡವಿದೆ ಅಂದ್ಕೊಳ್ಳಿ ಬೇಕಾದ್ರೆ. ದಾರಿ ಬಿಡಿ!"

ದಾರಿಯೇನೋ ಬಿಟ್ಟರು. ಆದರೆ ನಮ್ಮಿಬ್ಬರನ್ನೇ ನಂಬಿ ಕಳಿಸುವುದುಂಟೇ? ತಾವೂ ಆಟೋ ಹತ್ತಿದರು.

"ಎಲ್ಲಾದರೂ ಬಿದ್ದಿದ್ರಾ?" ಡಾಕ್ಟರಮ್ಮ ಕೇಳಿದ ಮೊದಲ ಮಾತು ಅದು.

"ಇಲ್ಲ, ಇಲ್ಲ. ಬೆಳಗಿನಿಂದ ಸ್ವಲ್ಪ ಸುಸ್ತು, ಅಷ್ಟೆ," ಅಂದರು ಅತ್ತೆ.

"ನಾನು ಅವರನ್ನ ಕೇಳ್ತಾ ಇರೋದು."

ಚಿಕ್ಕವಳು ಅತ್ತೆಯ ಮುಖ ನೋಡಿದಳು. ಆ ಮುಖ ನನಗೆ ಗೊತ್ತು. ಒಂಬತ್ತು ವರ್ಷದ ಹಿಂದೆ, ಮೂರನೆಯ ದಿನ ಆಸ್ಪತ್ರೆಯಲ್ಲಿ ಇದೇ ಪ್ರಶ್ನೆ ಕೇಳಿದಾಗ, ಅದನ್ನು ನೋಡಿಯೇ ನಾನು ಇಲ್ಲ ಎಂದಿದ್ದೆ.

"ಬಿದ್ದೆ," ಅಂದಳು ಅವಳು. "ಈ ಪಕ್ಕಕ್ಕೆ. ಆಮೇಲೆ ಮಗು ಅಲುಗಾಡಿಲ್ಲ ಡಾಕ್ಟ್ರೇ."

ಆಮೇಲೆ ನಡೆದದ್ದೆಲ್ಲ ಓಡಾಟವೇ. ಎದೆಬಡಿತ ನೋಡುವ ಯಂತ್ರ ತಂದರು, ನಾಲ್ಕು ಜನ ಸೇರಿ ಅವಳನ್ನು ತಳ್ಳಿಕೊಂಡು ಹೋದರು. ಆಪರೇಷನ್ ಮಾಡಿ ಮಗು ತೆಗೆದು ಹೊರಗೆ ಬಂದ ಮೇಲೆ ಡಾಕ್ಟರಮ್ಮ ಅತ್ತೆಗೇ ಹೇಳಿದರು: "ಬಿದ್ದಾಗೆಲ್ಲ ಮಗುಗೆ ಅಪಾಯ ಆಗಲ್ಲ ತಾಯಿ. ಎಷ್ಟೋ ಸಲ ಒಳಗಿನ ನೀರೇ ಕಾಪಾಡುತ್ತೆ. ಇವರಿಗೆ ಮಗುಗೆ ರಕ್ತ ಕೊಡೋ ಮಾಸು ಗರ್ಭಕೋಶದಿಂದ ಬಿಟ್ಕೊಂಡಿತ್ತು. ರಕ್ತ ಒಳಗೇ ನಿಂತಿತ್ತು, ಹೊರಗೆ ಒಂದು ಹನಿ ಕಾಣಲಿಲ್ಲ. ಅದಕ್ಕೇ ಹೊಟ್ಟೆಗೆ ಪೆಟ್ಟು ಬಿದ್ರೆ ನೋವಿರಲಿ ಬಿಡಲಿ, ತಕ್ಷಣ ಬರಬೇಕು. ಸಂಜೆ ತನಕ ಮಲಗಿಸಿದ್ರೆ ಎರಡು ಹೆಣ ಆಗ್ತಿತ್ತು."

ಕೂಸು ಮೊಳದುದ್ದವೂ ಇರಲಿಲ್ಲ. ಹೆಣ್ಣು. ಬೆಚ್ಚಗಿನ ಗಾಜಿನ ಪೆಟ್ಟಿಗೆಯಲ್ಲಿ ಮಲಗಿ ಕಾಲು ಝಾಡಿಸುತ್ತಿತ್ತು. ನಾನು ಗೋಡೆಗೆ ಒರಗಿ ಮನಸಾರೆ ಅತ್ತುಬಿಟ್ಟೆ.

ಐದನೆಯ ದಿನ ಅತ್ತೆ, ಮೈದುನ ವಾರ್ಡಿಗೆ ಬಂದರು. ಅತ್ತೆ ಸ್ಟೂಲು ಎಳೆದು ಕೂತರು. "ಮಗು ಉಳೀತಲ್ಲ, ಇನ್ನು ಭಯ ಯಾಕೆ? ಈಗಲಾದ್ರೂ ನಿಜ ಹೇಳು. ಯಾಕೆ ಬಿದ್ದೆ?"

ಚಿಕ್ಕವಳು ದಿಂಬಿಗೆ ಒರಗಿ ನಿಧಾನವಾಗಿ ಎದ್ದು ಕೂತಳು. "ನೆಲ ಒದ್ದೆಯಿತ್ತು, ಜಾರಿದೆ. ಇದನ್ನ ನಂಬದ ಮನೆಗೆ ನಾನು ಮಗು ತರಲ್ಲ. ತೌರಿಗೆ ಹೋಗ್ತೀನಿ. ನಾಳೆ ಇವಳು ನಡೆಯೋಕೆ ಕಲಿಯುವಾಗ ದಿನಕ್ಕೆ ಹತ್ತು ಸಲ ಬೀಳ್ತಾಳೆ. ಹತ್ತು ಸಲವೂ ವಿಚಾರಣೆ ಮಾಡ್ತೀರಾ?"

ಮೈದುನ ನೆಲ ನೋಡಿದ. ಅತ್ತೆಯ ನೋಟ ನೆಟ್ಟಗೆ ನನ್ನ ಕಡೆ ತಿರುಗಿತು.

"ಇದನ್ನೆಲ್ಲ ನೀನೇ ಹೇಳಿಕೊಟ್ಟದ್ದು, ಅಲ್ವಾ?"

ನಾನು ಒಂದಕ್ಷರವೂ ಹೇಳಿಕೊಟ್ಟಿರಲಿಲ್ಲ. ಆದರೆ ಆ ಮನೆಯಲ್ಲಿ ನನ್ನ ಮೇಲೆ ಬಂದ ಅಷ್ಟೂ ಅನುಮಾನಗಳಲ್ಲಿ ಇದೊಂದನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ.

"ಹೌದು ಅತ್ತೆ," ಎಂದೆ. "ನಾನೇ."