ಉರಿಮೆಯ ಹೆಣ್ಣು

ದಿಂಡಿಗಲ್‌ನಿಂದ ತೇವಾರಂ ಸೇರುವಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಗಿತ್ತು. ವಾರವೆಲ್ಲ ಕಾಲೇಜಿನಲ್ಲಿ ಪ್ರೋಟೀನಿನ ಪಾಠ ಹೇಳಿ ಗಂಟಲು ಕಟ್ಟಿರುತ್ತದೆ. ಭಾನುವಾರವೂ ಅದನ್ನೇ ಒದರುವುದು ಯಾರಿಗೆ ಬೇಕು? ಆದರೂ ತಮಿಳರಸಿಗಾಗಿ ಹೋದೆ.

ತಮಿಳರಸಿ ನನ್ನ ಸೋದರಮಾವನ ಮಗ ಮಣಿಕಂಡನ ಹೆಂಡತಿ, ಬತ್ತಲಗುಂಡಿನವಳು. ಮಗಳಿಗೆ ಮೂರು ತುಂಬಿದರೂ ಮಾತಿಲ್ಲ, ನಡಿಗೆಯಿಲ್ಲ. ಮಧುರೈಗೆ ಕಳಿಸಿದ್ದ ಜೀನ್ ಪರೀಕ್ಷೆಯ ಫಲಿತಾಂಶ ಬಂದಿತ್ತು, ಅದನ್ನು ತಮಿಳರಸಿಗೆ ಬಿಡಿಸಿ ಹೇಳಬೇಕಿತ್ತು. ಮನೆಯವರಿಗೆ ಅದು ಬೇಕಿರಲಿಲ್ಲ, ಕಾರಣವನ್ನು ಅವರು ಮೊದಲೇ ಕಂಡುಹಿಡಿದಾಗಿತ್ತು. ಆ ಕಾರಣ ನಾನು.

ನಮ್ಮವರಲ್ಲಿ ಸೋದರತ್ತೆಯ ಮಗಳ ಮೇಲೆ ಗಂಡಿಗೆ ಉರಿಮೆ, ಅಂದರೆ ಹಕ್ಕು. ಬೇರೆ ಹೆಣ್ಣು ತರುವುದಾದರೆ ಮೊದಲು ಉರಿಮೆಯ ಹೆಣ್ಣಿನ ಮನೆಗೆ ವೀಳ್ಯ ತಂದು, ಅವಳ ಬಾಯಿಂದಲೇ ‘ಮನಸಲ್ಲಿ ಏನೂ ಇಲ್ಲ’ ಅನ್ನಿಸಿಕೊಂಡು ಹೋಗಬೇಕು, ಇಲ್ಲದಿದ್ದರೆ ಅವಳ ಶಾಪ ತಟ್ಟುತ್ತದೆಂದು ನಂಬಿಕೆ. ಮಣಿಕಂಡನ್ ಮೆಚ್ಚಿದವಳನ್ನು ಅವಸರದಲ್ಲಿ ಮದುವೆಯಾದ. ಉರಿಮೆಯ ಹೆಣ್ಣಾದ ನನ್ನ ಮನೆಗೆ ವೀಳ್ಯ ಬರಲಿಲ್ಲ. ನನಗೋ, ಪೀಡೆ ತೊಲಗಿತು ಅನ್ನಿಸಿತ್ತು.

ಈಗ ಅವನ ತಾಯಿ ದೈವಾನೈ ಅತ್ತೆ ವೀಳ್ಯದ ತಟ್ಟೆ ಮುಂದಿಟ್ಟುಕೊಂಡು ಹಜಾರದಲ್ಲಿ ಕೂತಿದ್ದರು. ತಟ್ಟೆಯಲ್ಲಿ ತಿರುನೀರು, ಅಂದರೆ ವಿಭೂತಿಯೂ ಇತ್ತು.

“ಮಗೀನ ಹಣೆಗೆ ಹಚ್ಚಿ ಒಂದು ಮಾತು ಹೇಳಿಬುಡು ನನ್ನ ಕಣ್ಣೇ. ನಿನ್ನ ಹೊಟ್ಟೆ ಉರಿ ತಣ್ಣಗಾಗ್ಲಿ.”

“ನನಗೆ ಯಾವ ಉರಿಯೂ ಇಲ್ಲ ಅತ್ತೆ,” ಎಂದೆ. ನಿಜಕ್ಕೂ ಸಿಟ್ಟು ಬಂತು. ವಿಭೂತಿ ಹಚ್ಚಿದರೆ ನಾನು ಶಾಪ ಹಾಕಿದ್ದೆನೆಂದು ಒಪ್ಪಿಕೊಂಡಂತೆ. ಆ ಶಾಪವನ್ನು ಮನೆಗೆ ತಂದವಳು ತಮಿಳರಸಿ ಎಂದೂ ಆಗುತ್ತದೆ, ಅವಳು ಬದುಕಿರುವತನಕ.

ಅವಳನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಕೂರಿಸಿದೆ.

“ಇಲ್ಲಿ ಕೇಳು. ಆರ್‌ಎನ್‌ಎ ಅಂತ ಒಂದು ಸಣ್ಣ ಎಳೆ. ಮೈಯೊಳಗಿನ ಎಷ್ಟೋ ಕೆಲಸಕ್ಕೆ ಸುದ್ದಿ ಅದರಲ್ಲೇ ಇರೋದು. ಅದನ್ನ ಹಿಡಿಯೋಕೆ ಕೆಲವು ಪ್ರೋಟೀನಲ್ಲಿ ಅಂಗೈ ಥರದ ಒಂದು ಭಾಗ ಇರತ್ತೆ, ನಾಲ್ಕು ಪಟ್ಟಿ ಒತ್ತೊತ್ತಾಗಿ ಹಾಸಿದ ಹಂಗೆ. ಎಳೆ ಅದರ ಮೇಲೆ ಕೂರತ್ತೆ. ನಿನ್ನ ಮಗಳಲ್ಲಿ ಆ ಹಿಡಿಯೋ ಜಾಗದಲ್ಲೇ ಒಂದು ಕಣ ಬದಲಾಗಿದೆ. ಎಳೆ ನಿಲ್ಲೋಲ್ಲ, ಜಾರತ್ತೆ. ಈ ಬದಲಾವಣೆ ನಿನ್ನಲ್ಲೂ ಇಲ್ಲ, ಮಣೀಲೂ ಇಲ್ಲ. ತಾನಾಗಿ ಆಗಿರೋದು. ಯಾರ ತಪ್ಪೂ ಅಲ್ಲ.”

ನಾನು ಎಷ್ಟೋ ವರ್ಷದಿಂದ ಹೇಳುತ್ತ ಬಂದ ಪಾಠ. ಇಷ್ಟು ಚೆನ್ನಾಗಿ ಎಂದೂ ಹೇಳಿರಲಿಲ್ಲ.

ತಮಿಳರಸಿ ಸೆರಗಿನ ತುದಿ ಸುತ್ತುತ್ತ ಕೇಳಿಸಿಕೊಂಡಳು.

“ಸರಿಮಾಡೋಕೆ ಆಗತ್ತಾ ಅಕ್ಕಾ?”

“ಇವತ್ತಿಗೆ ಇಲ್ಲ. ವ್ಯಾಯಾಮ ಮಾಡಿಸಿದ್ರೆ, ಮಾತು ಕಲಿಸೋರ ಹತ್ರ ತೋರಿಸಿದ್ರೆ, ಅಷ್ಟೋ ಇಷ್ಟೋ…”

ಒಲೆಯ ಮೇಲಿನ ಹಾಲು ಉಕ್ಕಿತು. ತಮಿಳರಸಿ ಎದ್ದು ಇಳಿಸಿ, ನನ್ನ ಕಡೆ ತಿರುಗದೆ ಹೇಳಿದಳು.

“ಹಂಗಾದ್ರೆ ನೀವು ಶಾಪ ಹಾಕಿದ್ರಿ ಅಂತ್ಲೇ ಇರ್ಲಿ ಅಕ್ಕಾ. ಬೈಸ್ಕೊಳ್ಳೋದು ನಾನು ತಾನೇ, ಬೈಸ್ಕೊಂತೀನಿ. ಶಾಪ ಆದ್ರೆ ಹಾಕ್ದೋರು ವಾಪಸ್ ತಗೋಬೌದು.”

ತುಂಬ ದಣಿದಿದ್ದೆ, ಜೊತೆಗೆ ನಾಚಿಕೆಯೂ ಆಯಿತು. ಹಜಾರಕ್ಕೆ ಬಂದು ವೀಳ್ಯ ತೆಗೆದುಕೊಂಡೆ. ಮಗುವಿನ ಹಣೆಗೆ ತಿರುನೀರು ಹಚ್ಚಿದೆ.

“ಮನಸಲ್ಲಿ ಏನೂ ಇಲ್ಲ,” ಎಂದೆ.

ದೈವಾನೈ ಅತ್ತೆ ಕಣ್ಣೊರೆಸಿಕೊಂಡು ಒಳಗೆ ಹೋದರು. ಮಗುವಿನ ಅಂಗೈಯಲ್ಲಿ ಬೆರಳಿಟ್ಟು ನೋಡಿದೆ. ಅದು ಹಿಡಿಯಲಿಲ್ಲ. ತಮಿಳರಸಿ ಮಗಳ ಎದುರು ಕೂತು, ಈಗಲೋ ಆಗಲೋ ಅನ್ನುವ ಹಾಗೆ, ಅವಳ ಬಾಯಿಯನ್ನೇ ನೋಡುತ್ತಿದ್ದಳು.